ಬೀಸುಕಲ್ಲಿನ ಎರಡು ಚೂರು

ನಮ್ಮ ಕೆಳಕೇರಿಯ ಚರ್ಚಿನ ನೆಲಕ್ಕೆ ನೀರು ಹಾಕುವುದು ಫಿದ್ದಾಳಿಗೆ ಬರುತ್ತಿದ್ದ ಹಾಗೆ ಇನ್ಯಾರಿಗೂ ಬರುತ್ತಿರಲಿಲ್ಲ. ಅರ್ಧ ಬಕೆಟ್ ನೀರು, ಅದರಲ್ಲಿ ಹಳೆಯ ಉಣ್ಣೆ ಬಟ್ಟೆಯೊಂದು, ಅಷ್ಟೇ. ಬಲಿಪೀಠದ ಮೆಟ್ಟಿಲಿನಿಂದ ಶುರುಮಾಡಿ, ಕುಕ್ಕರಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲವರೆಗೆ ಬರುತ್ತಿದ್ದಳು. ಅವಳ ಪಾದದ ಗುರುತು ಎಲ್ಲೂ ಬೀಳುತ್ತಿರಲಿಲ್ಲ. ಒಣಗಿದ್ದಾಗ ಆ ನೆಲ ಬರೀ ಧೂಳು ಹಿಡಿದ ಜಲ್ಲಿಯ ಹಾಗೆ. ನೀರು ಸೋಕಿದ ಗಳಿಗೆಗೆ ಉಗುರಿನಷ್ಟಗಲದ ಒಂದೊಂದು ಕಲ್ಲೂ ತನ್ನ ಬಣ್ಣ ತೋರಿಸುತ್ತಿತ್ತು. ದಾಳಿಂಬೆ ಮರ, ದ್ರಾಕ್ಷಿ ಬಳ್ಳಿ, ಎರಡು ಮೀನು, ನವಿಲು, ಬಾಗಿಲಿನ ಎಡ ಮೂಲೆಯಲ್ಲಿ ಒಂದು ಆಡು, ಆಡಿನ ಹೊಟ್ಟೆಯಡಿ ಮರಿ. ದೂರದ ದೇಶದಿಂದ ಬಂದವರು ಅದನ್ನು ನೋಡಿ ಬಾಯಿ ಬಿಡುತ್ತಿದ್ದರು. ಫಿದ್ದಾ ಬಟ್ಟೆ ಹಿಂಡುತ್ತ, ತಾನೇ ಅದನ್ನೆಲ್ಲ ಹೆತ್ತವಳ ಹಾಗೆ ನಿಂತಿರುತ್ತಿದ್ದಳು.

ಅವಳು ನನ್ನ ವಾರಗಿತ್ತಿ. ಅವಳ ಗಂಡ ಔದಾ ದೊಡ್ಡವನು, ನನ್ನ ಗಂಡ ಚಿಕ್ಕವನು. ಒಂದೇ ಅಂಗಳ, ಒಂದೇ ರೊಟ್ಟಿಯ ಒಲೆ. ನಲವತ್ತನಾಲ್ಕು ವರ್ಷ ನಾನು ಅವಳನ್ನು ದಿನವೂ ನೋಡಿದ್ದೇನೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಕೇಳಿದ್ದು ಕಡಿಮೆ, ಕಂಡದ್ದೇ ಹೆಚ್ಚು.

ನಮ್ಮ ಮುತ್ತಾತಂದಿರು ಡೇರೆ, ಕುರಿ ಕಟ್ಟಿಕೊಂಡು ದಕ್ಷಿಣದ ಕರಕ್ ಊರಿನಿಂದ ಈ ಮಾದಬಾದ ದಿಬ್ಬಕ್ಕೆ ಬಂದಾಗ ಇಲ್ಲಿ ನರಪಿಳ್ಳೆ ಇರಲಿಲ್ಲವಂತೆ. ಪಾಯ ತೋಡಿದಲ್ಲೆಲ್ಲ ಇಂಥ ನೆಲ ಸಿಕ್ಕಿತು. ಕೆಲವರು ಅದರ ಮೇಲೆ ಗೋಡೆ ಎಬ್ಬಿಸಿದರು, ಕೆಲವರು ಕುರಿ ಕಟ್ಟಿದರು. ಹಳೆಯ ಚರ್ಚಿನ ನೆಲ ಸಿಕ್ಕಿದ ಕಡೆ ಅದರ ಮೇಲೆ ಮತ್ತೆ ಚರ್ಚನ್ನೇ ಕಟ್ಟಿದರು. ನಮ್ಮದು ಹಾಗೆ ಕಟ್ಟಿದ್ದು. ನೆಲದಡಿಗೆ ಮಳೆನೀರಿನ ತೊಟ್ಟಿ ಇದೆ. ಅದೂ ಹಳೆಯವರದ್ದೇ.

ಆ ನೆಲದಲ್ಲಿ ಒಂದು ಕೊರತೆಯಿತ್ತು. ಗಿಡಮರ ಎಲ್ಲ ಸರಿಯಾಗಿದ್ದವು. ಜೀವವಿರುವ ಒಂದಕ್ಕೂ ಮುಖವಿರಲಿಲ್ಲ. ಯಾವುದೋ ಕಾಲದಲ್ಲಿ, ಜೀವಿಗಳ ಚಿತ್ರ ದೇವರ ಮನೆಯಲ್ಲಿ ಬೇಡ ಎಂದು ಅಂದಿನವರೇ ಮುಖದ ಕಲ್ಲುಗಳನ್ನು ಕಿತ್ತು, ಅವೇ ಕಲ್ಲುಗಳನ್ನು ಕಲಸಿ ಮತ್ತೆ ಅದೇ ಜಾಗಕ್ಕೆ ತುಂಬಿದ್ದರು. ನವಿಲಿಗೆ ನವಿಲಿನ ಮೈ, ಕತ್ತಿನ ಮೇಲೆ ಹುಗ್ಗಿಯ ಹಾಗೆ ಕಲಸಿದ ಕಲ್ಲು. ಮೀನಿಗೂ ಹಾಗೆ. ಆಡಿಗೂ ಹಾಗೆ. ನಮಗೆ ಚಿಕ್ಕಂದಿನಿಂದ ಅದೇ ರೂಢಿ. ಮುಖವಿಲ್ಲದ್ದು ಕಣ್ಣಿಗೆ ಹೊಡೆಯುತ್ತಿರಲಿಲ್ಲ.

ಫಿದ್ದಾಳಿಗೆ ಒಂದೇ ಮಗು. ನಿಜ್ಮಾ ಎಂದು ಹೆಸರು. ಹೆರಿಗೆಯಲ್ಲಿ ಏನೋ ಆಗಿ, ಇನ್ನು ಮಕ್ಕಳಾಗುವುದಿಲ್ಲ ಎಂದು ಸೂಲಗಿತ್ತಿ ಅಂದೇ ಹೇಳಿದ್ದಳು. ಮಗುವಿನ ಕಣ್ಣು ಮಾತ್ರ ಊರಿಗೇ ಹೆಸರು. ಕಡುಕಪ್ಪು, ದೊಡ್ಡವು, ರೆಪ್ಪೆ ಬಡಿಯುವುದೇ ಅಪರೂಪ. ನಮ್ಮ ಅತ್ತೆ, “ಇವಳೇನು ನನ್ನ ಲೆಕ್ಕ ಹಾಕ್ತಾ ಇದಾಳೇನೇ? ಆ ಕಡೆ ತಿರುಗಿಸ್ರೇ,” ಎಂದು ನಗುತ್ತಿದ್ದಳು.

ನಾನು ಮದುವೆಯಾಗಿ ಬಂದ ಎರಡನೆಯ ಚಳಿಗಾಲ, ಮೂರು ದಿನ ಹಿಮ ಬಿದ್ದು ಒಲೆಮನೆಯ ಚಾವಣಿ ಕುಸಿದ ವರ್ಷ, ಕೇರಿಗೆ ದಡಾರ ಬಂತು. ಏಳು ಮಕ್ಕಳು ಹೋದವು. ನಿಜ್ಮಾ ಐದನೆಯವಳು. ನಾಲ್ಕು ವರ್ಷ ಎರಡು ತಿಂಗಳು. ಅವಳನ್ನು ಮಣ್ಣು ಮಾಡುವಾಗ ನೆಲ ಹೆಪ್ಪುಗಟ್ಟಿತ್ತು. ಔದಾ ಕಲ್ಲುಕುಟಿಗ, ತನ್ನ ಉಳಿಯನ್ನೇ ತಂದು ಗುಂಡಿ ತೋಡಿದ.

ನಮ್ಮ ಕಡೆ ತಂದೆತಾಯಿಯನ್ನು ಮೊದಲ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಮಗು ಹೋದರೂ ಕರೆ ಹೋಗುವುದಿಲ್ಲ. ಮಾರನೆಯ ದಿನವೇ ನೀರಿನ ಬಳಿ ಯಾರೋ ಹೆಂಗಸು, “ನಿಜ್ಮಾಳಮ್ಮಾ, ಸ್ವಲ್ಪ ಸರಿಯೇ,” ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಫಿದ್ದಾ ಸರಿದು ಜಾಗ ಕೊಟ್ಟಳು.

ಆ ತಿಂಗಳು ಇನ್ನೊಂದಾಯಿತು. ಮನೆಯ ಬೀಸುಕಲ್ಲು ಒಡೆಯಿತು. ಉತ್ತರದ ಸೀಮೆಯಿಂದ ಅತ್ತೆಯ ತವರಿನವರು ತಂದುಕೊಟ್ಟಿದ್ದ ಕಪ್ಪು ಕಲ್ಲಿನದು. ಗೋಧಿ ಬೀಸುತ್ತ ಕೂತಿದ್ದ ಫಿದ್ದಾ ಇದ್ದಕ್ಕಿದ್ದ ಹಾಗೆ ಮೇಲಿನ ಕಲ್ಲನ್ನು ಎತ್ತಿ ಹೊಸ್ತಿಲಿಗೆ ಅಪ್ಪಳಿಸಿದಳು. ಸರಿಯಾಗಿ ಎರಡು ಹೋಳು. ಒಂದು ಹೋಳನ್ನು ಔದಾ ಎತ್ತಿಕೊಂಡು ಹೋದ. ಇನ್ನೊಂದು ಅಂಗಳದ ಗೋಡೆಗೆ ಒರಗಿಕೊಂಡೇ ಉಳಿಯಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸದ ದಿನಗಳು ಬಂದವು. ಆಗ ಚರ್ಚಿನ ಗಂಟೆ, ದೀಪ, ಬೀಗ ಎಲ್ಲ ಔದಾನ ಕೈಯಲ್ಲಿ. ಮಧ್ಯಾಹ್ನ ಊಟಕ್ಕೆ ಬರುವುದನ್ನು ಬಿಟ್ಟ. ರೊಟ್ಟಿ, ಆಲಿವ್ ಕಟ್ಟಿಕೊಂಡು ನಾನೇ ಒಯ್ದು ಕೊಡುತ್ತಿದ್ದೆ. ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಒಂದು ದಿನ ತೆರೆದಿತ್ತು. ಅವನು ಮೂಲೆಯಲ್ಲಿ ಬೋರಲು ಬಿದ್ದಿದ್ದ. ಹೆದರಿ ಹತ್ತಿರ ಹೋದೆ.

“ಹಿಲ್ವಾ, ಯಾರಿಗೂ ಹೇಳ್ಬೇಡ. ನಿಮ್ಮಕ್ಕನಿಗೂ,” ಎಂದ.

ಆಡಿನ ಹೊಟ್ಟೆಯಡಿಯ ಮರಿಯ ಮುಖದಲ್ಲಿ ಕಲಸಿ ತುಂಬಿದ್ದ ಕಲ್ಲನ್ನೆಲ್ಲ ಕಿತ್ತು, ಅದೇ ಕಲ್ಲಿನಿಂದ ಮುಖ ಕೂರಿಸುತ್ತಿದ್ದ. ಕೈಯಗಲದ ಜಾಗ. ಗಾರೆಗೆ ಸುಣ್ಣ ಸಾಲದೆ ಒಲೆಯ ಬೂದಿ, ಕೆಮ್ಮಣ್ಣು ಬೆರೆಸಿದ್ದ. ಮೂಗು ಸ್ವಲ್ಪ ಉದ್ದವಾಗಿತ್ತು. ಕಿವಿ ಕತ್ತೆಯದ್ದಿರಬಹುದು ಅನ್ನಿಸಿತು. ಕಣ್ಣಿಗೆ ಇಟ್ಟ ಎರಡು ಕಲ್ಲು ಆ ನೆಲದ್ದಲ್ಲ. ಬೀಸುಕಲ್ಲಿನ ಹೋಳಿನಿಂದ ಒಡೆದು, ಚೌಕ ಮಾಡಿ, ಉಜ್ಜಿ ನುಣುಪು ಮಾಡಿದ್ದು.

ಗರಿಗಳ ಭಾನುವಾರ ಫಿದ್ದಾ ಅದನ್ನು ನೋಡಿದಳು. ಕೈಯಲ್ಲಿದ್ದ ಆಲಿವ್ ಕೊಂಬೆಯನ್ನು ಅಲ್ಲೇ ಇಟ್ಟು, ಜನರ ಕಾಲುಗಳ ನಡುವೆ ಕೂತುಬಿಟ್ಟಳು. ಎದ್ದು ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದ್ದು ಒಂದೇ ಮಾತು. “ಕಿವಿ ಯಾಕೆ ಹಾಗೆ?”

“ಕಲ್ಲು ಮುಗೀತು,” ಎಂದ ಔದಾ.

ಆಗಿದ್ದವರು ಪಾದ್ರಿ ಸಾಬಾ. ಕಿವಿ ಮಂದ, ಕಣ್ಣು ಚುರುಕು. ಔದಾನನ್ನು ನಿಲ್ಲಿಸಿಕೊಂಡು ಗದರಿದರು. “ಏನೋ ಇದು? ಸಾವಿರ ವರ್ಷದಿಂದ ಮುಖವಿಲ್ಲದೆ ಇದ್ದವಕ್ಕೆ ನೀನೊಬ್ಬ ಮುಖ ಕೊಡೋನು ಬಂದೆಯಾ?”

“ಒಂದಕ್ಕೇ ಕೊಟ್ಟಿದ್ದು ಅಬೂನಾ.”

“ನಾಳೆ ನವಿಲು ಬಂದು ನನಗೂ ಕೊಡು ಅಂದ್ರೆ?”

ಪಾದ್ರಿಗಳು ಮರಿಯ ಕಡೆ ನೋಡಿದರು, ಅವನ ಕಡೆ ನೋಡಿದರು. “ಚಾಪೆ ಹಾಕಿಡು. ಬಿಷಪ್ಪರು ಬಂದಾಗ ಕಾಣಬಾರದು,” ಎಂದು ಹೊರಟುಹೋದರು. ಅಂದಿನಿಂದ ಆ ಮೂಲೆಗೆ ಚಾಪೆ ಬಿತ್ತು.

ಅದಾದ ಮೇಲೆ ಔದಾ ಹನ್ನೊಂದು ವರ್ಷ ಬದುಕಿದ. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಕೊನೆಯ ಚಳಿಗಾಲ ಅವನು ಮಲಗಿದ್ದಕ್ಕಿಂತ ಗೋಡೆಗೊರಗಿ ಕೂತದ್ದೇ ಹೆಚ್ಚು. ಅವನ ಕೆಲಸವೆಲ್ಲ ಬೇರೆಯವರ ಗೋಡೆಗಳಲ್ಲಿ ಹೋಯಿತು, ಯಾವ ಕಲ್ಲು ಅವನದೆಂದು ಯಾರೂ ಹೇಳಲಾರರು. ಗೊತ್ತಿದ್ದದ್ದು ಆ ಕೈಯಗಲದ ಮುಖ ಒಂದೇ. ಚರ್ಚಿನ ಬೀಗದ ಕೈ ಫಿದ್ದಾಳಿಗೆ ಬಂತು. ಅದರ ಕೂಲಿ ಹಬ್ಬಕ್ಕೊಂದು ಚೀಲ ಗೋಧಿ, ಮದುವೆ ನಾಮಕರಣಗಳಲ್ಲಿ ಒಂದು ಪಾಲು ಮಾಂಸ. ಅದರಲ್ಲೇ ಬದುಕಿದಳು.

ನೆಲಕ್ಕೆ ನೀರು ಹಾಕುವುದು ಮೊದಲಿನಿಂದಲೂ ಇದ್ದದ್ದೇ. ನೋಡಲು ಬಂದವರಿದ್ದರೆ ಹಾಕುವುದು, ಇಲ್ಲದಿದ್ದರೆ ಇಲ್ಲ. ಫಿದ್ದಾ ದಿನವೂ ಹಾಕಿದಳು. ಯಾರೂ ಬರದ ದಿನ ಆ ಮೂಲೆಗೆ ಮಾತ್ರ. ಬೆಳಿಗ್ಗೆ ಬಾಗಿಲು ತೆರೆದಾಗ ಒಮ್ಮೆ, ಸಂಜೆ ಮುಚ್ಚುವಾಗ ಒಮ್ಮೆ. ಚಾಪೆ ಮಡಚಿ, ಬಟ್ಟೆ ಅದ್ದಿ ಮುಖ ಒರೆಸುವಳು. ಒಣಗಿದ್ದ ಕಣ್ಣು ಬೂದುಬಣ್ಣಕ್ಕಿರುತ್ತಿತ್ತು. ಒದ್ದೆಯಾದಾಗ ಕಡುಕಪ್ಪಾಗಿ ನಮ್ಮನ್ನೇ ನೋಡುತ್ತಿತ್ತು. ಅದು ಮತ್ತೆ ಬೂದುಬಣ್ಣಕ್ಕೆ ತಿರುಗುವವರೆಗೆ ಅಲ್ಲೇ ಕೂತಿರುವಳು. ಬೇಸಿಗೆಯಲ್ಲಿ ಆ ಕಪ್ಪು ಹೆಚ್ಚು ಹೊತ್ತು ಇರುತ್ತಿರಲಿಲ್ಲ. ಆಗ ಇನ್ನೊಂದು ಸಲ ಅದ್ದುವಳು.

ಕೇರಿಯ ಅಂಗಡಿಯ ಶಹಾದಾನಿಗೆ ಅವಳನ್ನು ಕಂಡರೆ ಬಾಯಿ ಸುಮ್ಮನಿರುತ್ತಿರಲಿಲ್ಲ. “ನಿಜ್ಮಾಳಮ್ಮಾ, ಆ ಆಡಿಗೆ ಎಷ್ಟು ನೀರು ಕುಡಿಸ್ತೀಯೇ? ಇಷ್ಟೊತ್ತಿಗೆ ಹಾಲಾದ್ರೂ ಕೊಡ್ಬೇಕಿತ್ತು!”

“ಕೊಟ್ರೆ ನಿನಗೇ ತಂದುಕೊಡ್ತೀನಿ ಬಿಡು. ನಿನ್ನಂಗಡಿ ಹಾಲಿಗೆ ಬೆರೆಸೋಕಾಗುತ್ತೆ,” ಎನ್ನುತ್ತಿದ್ದಳು.

ಮೂವತ್ತು ವರ್ಷದ ಮೇಲೆ ನೆಲಕ್ಕೆ ಬಿಳುಪು ಬರತೊಡಗಿತು. ಉಪ್ಪು ಸವರಿದ ಹಾಗೆ ತೆಳ್ಳಗೆ. ಫಿದ್ದಾ ಅದನ್ನು ಬಾಯಾರಿಕೆ ಎಂದಳು. “ಈಗಿನ ಬೇಸಿಗೆ ಮೊದಲಿನಂಗಲ್ಲ ಕಣೇ ಹಿಲ್ವಾ. ಕಲ್ಲಿಗೂ ತುಟಿ ಒಣಗುತ್ತೆ.” ಹಾಗೆಂದು ನೀರು ಹೆಚ್ಚು ಮಾಡಿದಳು. ಬಿಳುಪು ಹೋಯಿತು, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚಾಗಿ ಬಂತು. ಅವಳು ಮತ್ತೆ ನೀರು ಹಾಕಿದಳು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನಾವಿಬ್ಬರೂ ಚಿಕ್ಕಂದಿನಿಂದ ಕಂಡದ್ದು ಅದನ್ನೇ.

ರಾಜಧಾನಿಯ ಕಚೇರಿಯಿಂದ ರಂದಾ ಎಂಬ ಹುಡುಗಿ ಬಂದದ್ದು ಆಲಿವ್ ಕಾಯಿ ಕೀಳುವ ಕಾಲದಲ್ಲಿ. ಹಳೆಯ ನೆಲಗಳ ಕೆಲಸ ಓದಿ ಬಂದ ಇಂಜಿನಿಯರು. ಇಪ್ಪತ್ತೆಂಟು ವರ್ಷವಿರಬಹುದು. ಜೊತೆಗೆ ಇಬ್ಬರು ಕೆಲಸದವರು, ಒಂದು ಜೀಪು. ಫಿದ್ದಾ ಎಲ್ಲ ಅತಿಥಿಗಳಿಗೆ ಮಾಡುವ ಹಾಗೆ ಬಕೆಟ್ ತಂದು ನವಿಲಿನ ಮೇಲೆ ನೀರು ಚೆಲ್ಲಿದಳು. ಆ ಹುಡುಗಿ ಓಡಿ ಬಂದು ಅವಳ ಕೈ ಹಿಡಿದುಕೊಂಡಳು.

“ಬೇಡ ದೊಡ್ಡಮ್ಮಾ, ಬೇಡ!”

“ಯಾಕಮ್ಮ, ನೋಡೋದಿಲ್ವಾ? ಒಣಗಿದ್ರೆ ಏನೂ ಕಾಣೋದಿಲ್ಲ.”

“ನೀರು ದಿನಾ ಹಾಕ್ತೀರಾ?”

“ದಿನಾ,” ಎಂದಳು ಫಿದ್ದಾ, ಹೊಗಳಿಕೆಗೆ ಕಾಯುವವಳ ಹಾಗೆ. “ನಲವತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ನನಗೆ ಜ್ವರ ಬಂದಾಗ ಇವಳು ಹಾಕ್ತಾಳೆ.”

ರಂದಾ ಮಂಡಿಯೂರಿ ಕೂತು, ಸುತ್ತಿಗೆಯ ಮರದ ಹಿಡಿಯಿಂದ ನೆಲವನ್ನು ಮೆಲ್ಲಗೆ ಬಡಿಯುತ್ತ ಹೋದಳು. ಬಲಿಪೀಠದ ಹತ್ತಿರ ಟಕ್ ಟಕ್ ಎಂದಿತು. ನಡುವೆ ಬರುತ್ತ ಬರುತ್ತ ದನಿ ಬದಲಾಯಿತು. ಬಾಗಿಲ ಮೂಲೆಯ ಚಾಪೆಯ ಅಂಚಿಗೆ ಬಂದಾಗ ಖಾಲಿ ಡಬ್ಬದ ಸದ್ದು.

“ಇದು ಕೆಳಗೆ ಹಿಡ್ಕೊಂಡಿಲ್ಲ ದೊಡ್ಡಮ್ಮ. ಕಲ್ಲು ಸುಮ್ನೆ ಮೇಲೆ ಕೂತಿದೆ. ನೀರು ಕೆಳಗಿಳಿದು ಗಾರೆಯನ್ನ ನೆನೆಸುತ್ತೆ, ಒಣಗುವಾಗ ಉಪ್ಪನ್ನ ಮೇಲಕ್ಕೆ ತರುತ್ತೆ. ಆ ಉಪ್ಪು ಕಲ್ಲನ್ನ ತಳ್ಳುತ್ತೆ. ನಲವತ್ತು ವರ್ಷ ಅಂದ್ರಲ್ಲ…” ಅಲ್ಲಿಗೆ ನಿಲ್ಲಿಸಿದಳು. ಒಳ್ಳೆಯ ಹುಡುಗಿ, ಮುಂದಿನದನ್ನು ಹೇಳಲಿಲ್ಲ.

ಫಿದ್ದಾಳ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ತೊಟ್ಟಿಕ್ಕುತ್ತಿತ್ತು. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೊನೆಗೆ ತನ್ನ ಮಡಿಲಿಗೆ ಸುತ್ತಿಕೊಂಡಳು.

ನೆಲವನ್ನೆಲ್ಲ ತುಂಡು ತುಂಡಾಗಿ ಎತ್ತಿ, ಹೊಸ ಗಾರೆ ಹಾಕಿ ಮತ್ತೆ ಕೂರಿಸಬೇಕು ಎಂದಾಯಿತು. ಎತ್ತುವ ಮುಂಚೆ ಒಂದೊಂದು ಅಂಗುಲವನ್ನೂ ನೋಡಿ ಬರೆದುಕೊಳ್ಳುತ್ತಿದ್ದರು. ಹಳೆಯದನ್ನು ಹಾಗೇ ಇಡುವುದು. ಆಮೇಲೆ ಯಾರಾದರೂ ತೇಪೆ ಹಾಕಿದ್ದರೆ ತೆಗೆದುಹಾಕಿ, ಆ ಜಾಗಕ್ಕೆ ಬರೀ ಗಾರೆ ಬಳಿಯುವುದು. ಇದನ್ನು ಕೇಳಿದ ದಿನ ಫಿದ್ದಾ ನನ್ನ ಒಲೆಯ ಮುಂದೆ ಬಂದು ಕೂತಳು. ರೊಟ್ಟಿ ತಿನ್ನಲಿಲ್ಲ.

“ತೇಪೆ ಅಂದ್ರೆ ನಮ್ಮದೂ ಬಂತೇನೇ?”

“ಬಂತಕ್ಕ.”

“ಔದಾ ಮಾಡಿದ್ದು ಅಂತ ಈಗ ಯಾರಿಗೆ ಗೊತ್ತು?”

ಎಣಿಸಿದೆ. ಪಾದ್ರಿ ಸಾಬಾ ಮಣ್ಣಾಗಿದ್ದರು. ಅತ್ತೆ ಇಲ್ಲ, ನನ್ನ ಗಂಡನಿಲ್ಲ. ಅಂದು ಚರ್ಚಿನಲ್ಲಿದ್ದ ಮುದುಕರು ಒಬ್ಬರೂ ಇಲ್ಲ. ಈಗಿನ ಪಾದ್ರಿ ಬಂದು ಆರು ವರ್ಷ. “ನಾವಿಬ್ಬರೇ,” ಎಂದೆ.

ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಕೇಳಲಿಲ್ಲ. ಸುಳ್ಳು ಹೇಳು ಎಂದು ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ.

ಮೂರನೆಯ ದಿನ ರಂದಾ ಚಾಪೆ ತೆಗೆಸಿದಳು. ಕೂತಳು, ಕನ್ನಡಕ ಏರಿಸಿ ಬಗ್ಗಿ ನೋಡಿದಳು.

“ಎಲ್ಲದಕ್ಕೂ ಮುಖ ಕಿತ್ತಿದಾರೆ. ಇದೊಂದಕ್ಕೆ ಇದೆಯಲ್ಲ. ದೊಡ್ಡಮ್ಮ, ಇದನ್ನ ಯಾರಾದ್ರೂ ಆಮೇಲೆ ಮಾಡಿದ್ದಾ?”

ಫಿದ್ದಾ ಹೇಳಿದಳು: “ಮರಿ ಅಲ್ವೇನಮ್ಮ. ಕೀಳೋಕೆ ಬಂದೋರಿಗೂ ಕೈ ಬಂದಿರಲಿಕ್ಕಿಲ್ಲ.”

ಆ ಹುಡುಗಿ ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಚಿಕ್ಕ ದೊಡ್ಡಮ್ಮ, ನೀವೇನು ಹೇಳ್ತೀರಿ? ನಿಮಗೆ ವರ್ಷ ತಿಂಗಳು ಸಮೇತ ಎಲ್ಲ ನೆನಪಿರುತ್ತೆ ಅಂತ ಪಾದ್ರಿಗಳು ಹೇಳಿದ್ರು.”

ನಾನು ಮಾತೆ ಮರಿಯಮ್ಮನವರ ಪಟದ ಕಡೆ ಬೆನ್ನು ಮಾಡಿ ನಿಂತಿದ್ದೆ. “ನಾನು ಮದುವೆಯಾಗಿ ಬಂದಾಗಲೂ ಹೀಗೇ ಇತ್ತು. ನಮ್ಮತ್ತೇನೂ ಹೀಗೇ ನೋಡಿದ್ದಂತೆ,” ಎಂದೆ.

ಅವಳ ಮುಖ ಅರಳಿತು. ಹಳೆಯ ನಕ್ಷೆಯಲ್ಲಿ ಆ ಮೂಲೆಯೇ ಇರಲಿಲ್ಲವಂತೆ. ನಕ್ಷೆ ಬರೆದ ಕಾಲದಲ್ಲಿ ಅಲ್ಲಿ ಗೋಧಿ ಚೀಲಗಳನ್ನು ಪೇರಿಸಿದ್ದರು. ಮುಖಗಳನ್ನು ಕಿತ್ತ ಕೈ ಒಂದು ಮರಿಯನ್ನು ಮಾತ್ರ ಬಿಟ್ಟಿದೆ ಎಂದು ಅವಳು ಕೆಲಸದವರಿಗೆಲ್ಲ ಕರೆದು ತೋರಿಸಿದಳು. ಮಾರನೆಯ ದಿನ ರಾಜಧಾನಿಯಿಂದ ಫೋಟೋ ತೆಗೆಯುವವನು ಬಂದ. ಫಿದ್ದಾಳನ್ನು ಮರಿಯ ಪಕ್ಕ ಕೂರಿಸಿ ಒಂದು ತೆಗೆದ. “ನಗಿ ಅಜ್ಜಿ,” ಎಂದ. ಅವಳು ನಕ್ಕಳು. ನಾಲ್ಕಾರು ದಿನ ಅವಳ ಹೆಜ್ಜೆಯೇ ಬೇರೆಯಾಗಿತ್ತು. ಶಹಾದಾನ ಅಂಗಡಿಯಿಂದ ಏಲಕ್ಕಿ ತಂದು ಕೆಲಸದವರಿಗೆಲ್ಲ ಕಾಫಿ ಮಾಡಿಕೊಟ್ಟಳು.

ಎತ್ತುವ ಕ್ರಮ ಹೀಗೆ. ನೆಲದ ಮೇಲೆ ಬಿಸಿ ಅಂಟು ಬಳಿದು ದಪ್ಪ ಬಟ್ಟೆ ಹಾಸುತ್ತಾರೆ. ಅಂಟು ಒಣಗಿ ಕಲ್ಲನ್ನು ಕಚ್ಚಿಕೊಂಡ ಮೇಲೆ, ಕೆಳಗಿನಿಂದ ಉದ್ದನೆಯ ಕಬ್ಬಿಣದ ಪಟ್ಟಿ ತೂರಿಸಿ ಬಿಡಿಸಿ, ಹಲಗೆಯ ಮೇಲೆ ಮಗುಚಿ ಹಾಕುತ್ತಾರೆ. ಬಲಿಪೀಠದ ಕಡೆಯ ತುಂಡುಗಳು ರೊಟ್ಟಿಯ ಹಾಗೆ ಇಡಿಯಾಗಿ ಬಂದವು. ನವಿಲು ಬಂತು. ಮೀನು ಬಂದವು, ಒಂದರ ಬಾಲ ಅಲ್ಲೇ ಉಳಿಯಿತು. ಬಾಗಿಲ ಮೂಲೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಅಂಟು ಮೂರು ದಿನ ಒಣಗಲು ಬಿಟ್ಟರು. ಆ ಮೂರು ದಿನ ಫಿದ್ದಾ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಎತ್ತಿದರು. ನಾನು ಬಾಗಿಲಲ್ಲಿದ್ದೆ. ಇಬ್ಬರು ಹಲಗೆ ಹಿಡಿದರು, ರಂದಾ ಬಟ್ಟೆಯ ಅಂಚು ಹಿಡಿದಳು. ಆಡು ಬಂತು, ಅಲ್ಲಲ್ಲಿ ಉದುರುತ್ತ. ಮರಿಯ ಮೈಯೂ ಬಂತು. ಮುಖ ಬರಲಿಲ್ಲ. ಬಟ್ಟೆ ಮೇಲೆದ್ದಾಗ ಕೆಳಗೆ ಒದ್ದೆ ಕೆಮ್ಮಣ್ಣಿನ ಗುಂಡಿ, ಅದರೊಳಗೆ ಕಲ್ಲುಗಳು ಅಂಬಲಿಯಲ್ಲಿ ಬಿದ್ದ ಕಾಳಿನ ಹಾಗೆ ಕುಸಿದು ಬಿದ್ದವು. ಔದಾನ ಬೂದಿ, ಮಣ್ಣು. ಹಳೆಯವರ ಗಾರೆ ಅಷ್ಟು ನೀರನ್ನು ಹೇಗೋ ತಡೆದುಕೊಂಡಿತ್ತು. ಅವನದ್ದು ಎಂದೋ ಕೆಸರಾಗಿತ್ತು.

ಬಟ್ಟೆಗೆ ಕಚ್ಚಿಕೊಂಡು ಮೇಲೆ ಬಂದದ್ದು ಎರಡು ಕಪ್ಪು ಕಲ್ಲು ಮಾತ್ರ.

ಫಿದ್ದಾ ಹತ್ತಿರ ಬಂದು ಬಗ್ಗಿ, ಆ ಗುಂಡಿಗೆ ಬೆರಳಿಟ್ಟಳು. ಬೆರಳು ಮೊದಲ ಗೆಣ್ಣಿನವರೆಗೆ ಇಳಿಯಿತು. ತೆಗೆದು ನೋಡಿದಳು, ಮಣ್ಣು ಮೆತ್ತಿತ್ತು. ಮೂರು ದಿನದಿಂದ ಆ ಮೂಲೆಗೆ ಯಾರೂ ನೀರು ಹಾಕಿರಲಿಲ್ಲ.

“ಇನ್ನೂ ಒದ್ದೆ ಇದೆ ಕಣೇ,” ಎಂದಳು ನನಗೆ.

ರಂದಾಳ ಕಣ್ಣಲ್ಲೂ ನೀರು ಬಂದಿತ್ತು. ಅವಳಿಗೆ ಹೋದದ್ದು ಸಾವಿರ ವರ್ಷದ ಮುಖ. ಉದುರಿದ ಕಲ್ಲುಗಳನ್ನು ಮಣ್ಣಿನ ಸಮೇತ ಡಬ್ಬಕ್ಕೆ ತುಂಬಿಸಿದಳು. ಎರಡು ಕಪ್ಪು ಕಲ್ಲನ್ನು ಬಟ್ಟೆಯಿಂದ ಬಿಡಿಸಿ, ಪುಟ್ಟ ಪೊಟ್ಟಣಕ್ಕೆ ಹಾಕಿ ಮೇಲೆ ಅಂಕಿ ಬರೆದಳು.

“ಅವೆರಡು ನನಗೆ ಕೊಡಮ್ಮ,” ಎಂದಳು ಫಿದ್ದಾ.

“ಅಯ್ಯೋ, ಹೇಗೆ ಕೊಡಲಿ ದೊಡ್ಡಮ್ಮ? ಹಳೇ ಕಾಲದ ಕಲ್ಲು. ಒಂದು ಹರಳೂ ಹೊರಗೆ ಹೋಗೋ ಹಾಗಿಲ್ಲ. ಕಾನೂನಿದೆ.” ಆಮೇಲೆ ಸಮಾಧಾನಕ್ಕೆಂದು ಸೇರಿಸಿದಳು: “ಈಚಿನ ತೇಪೆಯ ಕಲ್ಲಾಗಿದ್ರೆ ನಾನೇ ನಿಮ್ಮ ಕೈಗೆ ಇಡ್ತಿದ್ದೆ. ಅವನ್ನೆಲ್ಲ ಹೇಗೂ ಎಸೀತೀವಿ.”

ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದು ಫಿದ್ದಾ ನೇರ ಅಂಗಳದ ಗೋಡೆಯ ಹತ್ತಿರ ಹೋದಳು. ನಲವತ್ತು ವರ್ಷ ಅಲ್ಲೇ ಒರಗಿದ್ದ ಬೀಸುಕಲ್ಲಿನ ಹೋಳನ್ನು ಎಳೆದಳು. “ಎತ್ತಿಕೊಡು,” ಎಂದಳು.

“ಅಕ್ಕ, ಸೊಂಟ ಹಿಡ್ಕೊಳ್ಳುತ್ತೆ. ನಾಳೆ ಕತ್ತೆ ಮೇಲೆ…”

“ಎತ್ತಿಕೊಡು ಅಂದೆ.”

ತಲೆಯ ಮೇಲೆ ಸಿಂಬಿ ಇಟ್ಟು ಎತ್ತಿಕೊಟ್ಟೆ. ಅರವತ್ತೈದು ವರ್ಷದ ಹೆಂಗಸು ಕೇರಿಯ ನಡುವೆ ಅರ್ಧ ಬೀಸುಕಲ್ಲು ಹೊತ್ತು ನಡೆದಳು. ಶಹಾದಾ ಅಂಗಡಿಯಿಂದ ಇಣುಕಿ, “ಏನು ನಿಜ್ಮಾಳಮ್ಮಾ, ಆಡಿಗೆ ಹಿಟ್ಟು ಬೀಸೋಕಾ?” ಎಂದ. ಅವಳ ಮುಖ ನೋಡಿ, ಎದ್ದು ನಿಂತ.

ಚರ್ಚಿನ ಅಂಗಳದಲ್ಲಿ ಕಲ್ಲನ್ನು ಇಳಿಸಿ ರಂದಾಳಿಗೆ ಎಲ್ಲ ಹೇಳಿದೆವು. ಹಿಮ ಬಿದ್ದ ವರ್ಷ, ದಡಾರ, ಬೀಸುಕಲ್ಲು ಒಡೆದದ್ದು, ಉಪವಾಸದ ದಿನಗಳು, ಬೂದಿ ಬೆರೆಸಿದ ಗಾರೆ. ನಾನು ಒಂದೊಂದನ್ನೂ ಆದ ಕ್ರಮದಲ್ಲೇ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ನಂಬಲಿಲ್ಲ.

“ದೊಡ್ಡಮ್ಮ, ಮೊದಲು ಹಳೇದು ಅಂದ್ರಿ. ಈಗ ಕಲ್ಲು ಬೇಕು ಅಂದಮೇಲೆ ಹೊಸದು ಅಂತೀರಿ. ಯಾವುದನ್ನ ಬರ್ಕೊಳ್ಳಲಿ?”

“ನಿಜವನ್ನ ಬರ್ಕೋಮ್ಮ,” ಎಂದೆ.

“ಎರಡು ಸಲವೂ ನೀವು ಇದೇ ಮುಖದಲ್ಲಿ ಹೇಳಿದ್ರಿ.”

ನಾನು ಬಗ್ಗಿ ಹೋಳಿನ ಮೇಲಿನ ಧೂಳು ಒರೆಸಿದೆ.

“ಕೂಡಿಸಿ ನೋಡು,” ಎಂದಳು ಫಿದ್ದಾ. “ಇದರದ್ದೇ ಚೂರು. ಗಂಡ ಒಯ್ದ ಹೋಳು ಮನೆಗೆ ವಾಪಸ್ ಬರಲಿಲ್ಲ, ಇದು ಅದರ ಜೊತೆಯದು.”

ಹುಡುಗಿ ಪೊಟ್ಟಣ ಬಿಚ್ಚಿದಳು. ಆ ಎರಡು ಕಲ್ಲನ್ನು ಹೋಳಿನ ಒಡೆದ ಅಂಚಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಬಣ್ಣ ಒಂದೇ ಇತ್ತು. ಆದರೆ ಔದಾ ಅವನ್ನು ಚೌಕ ಮಾಡಿ ಉಜ್ಜಿದ್ದ. ಮೇಲೆ ನಲವತ್ತು ವರ್ಷ ಫಿದ್ದಾಳ ಬಟ್ಟೆ ಉಜ್ಜಿತ್ತು. ಎಲ್ಲೂ ಕೂಡಲಿಲ್ಲ. “ಉತ್ತರದ ಕಪ್ಪು ಕಲ್ಲು ಎಲ್ಲ ಹೀಗೇ ಇರುತ್ತೆ ದೊಡ್ಡಮ್ಮ. ಹಳೇ ಕಾಲದಲ್ಲೂ ತರ್ತಿದ್ರು,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ವರದಿ ಹೋಗಿದೆ, ಫೋಟೋ ಹೋಗಿದೆ. ಈಗ ನಾನು ಕೊಟ್ರೆ ಕದ್ದು ಕೊಟ್ಟ ಹಾಗೆ.”

ಫಿದ್ದಾ ಕೈ ಚಾಚಿದಳು. ಹುಡುಗಿ ಒಂದು ಗಳಿಗೆ ಯೋಚಿಸಿ ಎರಡನ್ನೂ ಅವಳ ಅಂಗೈ ಮೇಲಿಟ್ಟಳು. ಬೂದುಬಣ್ಣಕ್ಕಿದ್ದವು. ಫಿದ್ದಾ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಒಂದನ್ನು ಸವರಿದಳು. ಕಪ್ಪು ಎದ್ದು ಬಂತು. ಇನ್ನೊಂದಕ್ಕೆಂದು ಬೆರಳನ್ನು ಮತ್ತೆ ಬಾಯಿಗೆ ಒಯ್ದಳು.

“ಒದ್ದೆ ಮಾಡ್ಬೇಡಿ ದೊಡ್ಡಮ್ಮ,” ಎಂದಳು ರಂದಾ, ಅಭ್ಯಾಸದಿಂದ.

ಫಿದ್ದಾಳ ಕೈ ಅಲ್ಲೇ ನಿಂತಿತು. ಒಂದು ಕಣ್ಣು ಕಪ್ಪು, ಒಂದು ಕಣ್ಣು ಬೂದು. ಹಾಗೇ ತಿರುಗಿ ಕೊಟ್ಟುಬಿಟ್ಟಳು.

ಆಮೇಲೆ ಅವಳು ಬದುಕಿದ್ದು ಹದಿನಾಲ್ಕು ತಿಂಗಳು. ಪೊಟ್ಟಣದ ಮೇಲಿದ್ದ ಅಂಕಿಯನ್ನು ನಾನು ಓದಿ ಇಟ್ಟುಕೊಂಡಿದ್ದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬೂದಿಯ ಮೇಲೆ ಕಡ್ಡಿಯಿಂದ ಬರೆದು ತೋರಿಸು ಎಂದಳು. ನೂರ ಹದಿನೇಳು. ನಮ್ಮ ಅರಬ್ಬಿ ಅಂಕಿಯಲ್ಲಿ ಎರಡು ನೆಟ್ಟಗಿನ ಗೀಟು, ಏಳಕ್ಕೆ ಒಂದು ಬಾಯಿ ತೆರೆದ ಗೀಟು. ಬೇಗ ಕಲಿತಳು. ಒಲೆಯ ಮುಂದೆ ಕೂತಾಗಲೆಲ್ಲ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ನಾನೇ ಒಂದು ದಿನ, “ನಾನು ಅಂದು ನಿಜ ಹೇಳಿದ್ದಿದ್ರೆ…” ಎಂದು ಶುರುಮಾಡಿದೆ.

“ಹೇಳಿದ್ದಿದ್ರೆ ಅವರು ಕಿತ್ತು ಎಸೀತಿದ್ರು, ನಾನು ಆರಿಸ್ಕೋತಿದ್ದೆ,” ಎಂದಳು. “ಬಿಡು. ನೀರು ಹಾಕಿದ್ದು ನೀನಲ್ಲ.”

ನೀರು ಎಂದರೆ ಅವಳಿಗೆ ಒಂದು ಬಗೆಯ ಹೆದರಿಕೆ ಬಂದಿತ್ತು. ಕುಡಿಯುವ ಲೋಟವನ್ನು ನೆಲದ ಮೇಲೆ ಇಡುತ್ತಿರಲಿಲ್ಲ. ಯಾರಾದರೂ ಅಂಗಳಕ್ಕೆ ನೀರು ಚಿಮುಕಿಸಿದರೆ ಒಳಗೆ ಹೋಗುವಳು. ತೀರಿಹೋದದ್ದು ಜನವರಿಯ ಒಂದು ಮಂಗಳವಾರ, ಮಧ್ಯಾಹ್ನ, ಬೇಳೆಯ ಸಾರು ಕುದಿಯುತ್ತಿದ್ದಾಗ. ಮೈ ತೊಳೆಯುವುದು ನಮ್ಮಲ್ಲಿ ಮನೆಯ ಹೆಂಗಸರ ಕೆಲಸ. ಮನೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ. ಬಟ್ಟೆಯನ್ನು ಅದ್ದಿ, ಹನಿ ನಿಲ್ಲುವವರೆಗೆ ಹಿಂಡಿ, ಒರೆಸಿದೆ. ಬಲಗೈಯ ತೋರುಬೆರಳಿಗೆ ಬೂದಿ ಅಂಟಿತ್ತು. ಅದನ್ನು ಹಾಗೇ ಬಿಟ್ಟೆ.

ಮುಂದಿನ ವರ್ಷ ನೆಲವನ್ನು ತಂದು ಮತ್ತೆ ಕೂರಿಸಿದರು. ಗಟ್ಟಿಯಾಗಿದೆ, ಎಲ್ಲಿ ಬಡಿದರೂ ಟಕ್ ಎನ್ನುತ್ತದೆ. ಸುತ್ತ ಹಗ್ಗ ಕಟ್ಟಿದ್ದಾರೆ. ಮೀನಿಗೆ ಬಾಲ ಸಿಕ್ಕಿದೆ. ಮರಿಯ ಕತ್ತಿನ ಮೇಲೆ ಕೈಯಗಲದ ಬೂದುಬಣ್ಣದ ಗಾರೆ ಬಳಿದು ನುಣ್ಣಗೆ ಒರೆಸಿದ್ದಾರೆ. ಗೋಡೆಗೆ ತೂಗುಹಾಕಿದ ಫೋಟೋದಲ್ಲಿ ಫಿದ್ದಾ ಮರಿಯ ಪಕ್ಕ ಕೂತು ನಗುತ್ತಿದ್ದಾಳೆ. ಮುಖ ಕೀಳದೆ ಉಳಿಸಿದ ಒಂದೇ ಪ್ರಾಣಿ, ದುರಸ್ತಿಯಲ್ಲಿ ನಷ್ಟವಾಯಿತು, ಎಂದು ಅದರ ಕೆಳಗೆ ಬರೆದಿದೆ. ಅಷ್ಟನ್ನು ಓದಲು ನನಗೆ ಎರಡು ದಿನ ಹಿಡಿಯಿತು.

ಬೀಗದ ಕೈ ಈಗ ನನ್ನ ಹತ್ತಿರ ಇದೆ. ನೋಡಲು ಬಂದವರಲ್ಲಿ ಹಳಬರು, ಮೊದಲೊಮ್ಮೆ ಬಂದು ಹೋದವರು, ಬಕೆಟ್ ಎಲ್ಲಿ ಎಂದು ಸನ್ನೆ ಮಾಡಿ ಕೇಳುತ್ತಾರೆ. ಇಲ್ಲ ಎಂದು ತಲೆಯಾಡಿಸುತ್ತೇನೆ. ಅವರು ಹಗ್ಗದಾಚೆ ನಿಂತು, ಧೂಳು ಹಿಡಿದ ಜಲ್ಲಿಯಂಥ ನೆಲವನ್ನು ಸ್ವಲ್ಪ ಹೊತ್ತು ನೋಡಿ, ಹೊರಗೆ ಬಿಸಿಲಿಗೆ ಹೋಗುತ್ತಾರೆ.